ಓದಿದ್ದು ಮನೆಯೊಳಗೆ ಬರಲಿ
(ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

'ಓದು ಮತ್ತು ಆಚರಣೆ' ಎಂಬ ವಿಷಯ ಕೊಟ್ಟಿದ್ದೀರಿ. ಓದಿನ ಬಗ್ಗೆ ಮಾತಾಡುವುದು ನನಗೆ ಸುಲಭ. ಆಚರಣೆಯ ಮಾತು ಬಂದರೆ ನನ್ನ ಮನೆಯ ಹಿತ್ತಲಿನಿಂದಲೇ ಶುರು ಮಾಡಬೇಕು.

ಡಾ. ಅಂಬೇಡ್ಕರರ 'ಜಾತಿ ವಿನಾಶ'ವನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ. ಅದೂ ಒಂದು ಭಾಷಣವೇ. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಬರೆದದ್ದು. ಜಾತಿ ಮುರಿಯಲೆಂದೇ ಹುಟ್ಟಿದ ಸಂಘ ಅದು. ಆದರೂ ಭಾಷಣದ ಪ್ರತಿ ಕೈಗೆ ಬಂದಾಗ ಅವರಿಗೆ ಅರಗಲಿಲ್ಲ. ಕೆಲವು ಭಾಗ ತೆಗೆಯಿರಿ ಎಂದರು. ಅಂಬೇಡ್ಕರರು ಒಪ್ಪಲಿಲ್ಲ. ಸಮ್ಮೇಳನ ರದ್ದಾಯಿತು. ಅವರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಸಹಪಂಕ್ತಿ ಭೋಜನ ಸಾಲದು, ಜಾತಿ ಮೀರಿದ ಮದುವೆಯೇ ನಿಜವಾದ ಮದ್ದು, ಅದಕ್ಕೆ ಜಾತಿಯನ್ನು ಪವಿತ್ರವೆನ್ನುವ ಶಾಸ್ತ್ರಗಳ ಮೇಲಿನ ನಂಬಿಕೆ ಹೋಗಬೇಕು ಎಂಬುದು ಅದರ ತಿರುಳು.

ಈ ಪುಸ್ತಕವನ್ನು ನಾನು ಎರಡು ಸಲ ಓದಿದ್ದೆ. ಇದೇ ಮಠದಲ್ಲಿ ಅದರ ಮೇಲೆ ಮಾತಾಡಿದ್ದೆ. ನೀವು ಚಪ್ಪಾಳೆ ತಟ್ಟಿದ್ದಿರಿ. ಅಂದು ಮನೆಗೆ ಹೋದಾಗ ಬಾಯಾರಿಕೆಯಾಗಿತ್ತು. ಹಿತ್ತಲ ಕಟ್ಟೆಯ ಮೇಲಿದ್ದ ತಂಬಿಗೆ ತೊಳೆದು ನೀರು ಕುಡಿದೆ. ಮನೆಯವರು ಗಾಬರಿಯಿಂದ, "ಅದು ಆಳಿನ ತಂಬಿಗಿ ರೀ, ಅದರಾಗ ಯಾಕ ಕುಡದ್ರಿ?" ಎಂದರು. ಕಸ-ಮುಸುರೆಗೆ ಬರುವ ತಾಯಿಗೆಂದು ಇಟ್ಟ ತಂಬಿಗೆ. ಅದು ಅಲ್ಲಿ ಎಷ್ಟು ವರ್ಷದಿಂದ ಇತ್ತೋ! ಮನೆಯವರದು ತಪ್ಪೆನ್ನಲಾರೆ. ದಿನಾ ಕಣ್ಣಿಗೆ ಬೀಳುತ್ತಿದ್ದರೂ ನೋಡದವನು ನಾನು.

ಅಂದಿನಿಂದ ಓದುವ ರೀತಿ ಬದಲಿಸಿದೆ. ಬೆಳಿಗ್ಗೆ ಇಷ್ಟಲಿಂಗ ಪೂಜೆಯ ನಂತರ ಎರಡೇ ಪುಟ ಓದುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯುತ್ತೇನೆ. ಪುಸ್ತಕದಲ್ಲಿ ಏನಿದೆ ಎಂದಲ್ಲ, ಇಂದು ನಾನು ಏನು ಮಾಡಬೇಕು ಎಂದು. ರಾತ್ರಿ ಮಲಗುವ ಮುನ್ನ, ಮಾಡಿದ್ದರೆ ಗುರುತು ಹಾಕುತ್ತೇನೆ. ಇಲ್ಲದಿದ್ದರೆ ನಾಳೆಯೂ ಅದೇ ಸಾಲು. ಅದು ಮುಗಿಯುವ ತನಕ ಹೊಸ ವಿಚಾರಕ್ಕೆ ಕೈ ಹಾಕುವುದಿಲ್ಲ.

ಮೊದಲ ಸಾಲು, 'ಬೇರೆ ತಂಬಿಗೆ ಇರಬಾರದು.' ತಂಬಿಗೆ ಒಳಗಿಡಲು ಒಂದು ಗಳಿಗೆ ಸಾಕಾಯಿತು. ಆದರೆ ಆ ತಾಯಿ ನಮ್ಮ ಲೋಟ ಮುಟ್ಟಲು ಹಿಂಜರಿದರು. "ಬ್ಯಾಡ್ರಿ ಯಪ್ಪಾ" ಎಂದರು. ಪಡಸಾಲೆಯಲ್ಲಿ ನಮ್ಮೊಂದಿಗೆ ಕುಳಿತು ಚಹಾ ಕುಡಿಯಲು ತಿಂಗಳ ಮೇಲಾಯಿತು. ಅಷ್ಟೂ ದಿನ ಒಂದೇ ಸಾಲು ಬರೆದೆ. ಬೀಗರು ಏನಂದಾರು ಎನ್ನುತ್ತಿದ್ದ ಮನೆಯವರೇ ಈಗ ಆಕೆಯನ್ನು ಒಳಗೆ ಕರೆಯುತ್ತಾರೆ.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ನಾವು ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಜಗುಲಿಯ ಮೇಲಿಟ್ಟು ಕೈಮುಗಿದರೆ, ಅವರು ಬಿಡಿಸಿದ ಕಟ್ಟನ್ನು ನಾವು ಮತ್ತೆ ಕಟ್ಟಿದಂತೆ.

ಕೊನೆಯದಾಗಿ, ಈ ತಿಂಗಳ ನನ್ನ ಸಾಲು ಹೇಳಿಬಿಡುತ್ತೇನೆ. ಮೊಮ್ಮಗನಿಗೆ ಹೆಣ್ಣು ನೋಡುತ್ತಿದ್ದೇವೆ. ಅವನ ವಿವರಪತ್ರವನ್ನು ನಾನೇ ಬರೆದೆ. ಅದರಲ್ಲಿ ಒಳಪಂಗಡದ ಹೆಸರನ್ನೂ ಬರೆದೆ, 'ಅದೇ ಪಂಗಡದವರು ಬೇಕು' ಎಂದೂ ಬರೆದೆ. ಹರಳಯ್ಯ ಮಧುವರಸರ ಬೀಗತನಕ್ಕಾಗಿ ಕಲ್ಯಾಣ ಉರಿಯಿತೆಂದು ಪ್ರತಿ ಬಸವ ಜಯಂತಿಗೆ ಹೇಳುವ ಬಾಯಿ ಇದು. ಆ ಎರಡು ಸಾಲು ಹೊಡೆದುಹಾಕಬೇಕೆಂದು ಹನ್ನೊಂದು ದಿನದಿಂದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಇನ್ನೂ ಗುರುತು ಬಿದ್ದಿಲ್ಲ. ಮಗನೊಂದಿಗೆ ಇಂದು ರಾತ್ರಿ ಮಾತಾಡುತ್ತೇನೆ. ಮುಂದಿನ ಗೋಷ್ಠಿಯಲ್ಲಿ ನೀವೇ ನನ್ನನ್ನು ಕೇಳಿರಿ. ಕೇಳುವವರಿದ್ದರೆ ಮಾಡುವ ಧೈರ್ಯ ಬರುತ್ತದೆ.