ಬಾಬ್ ಎಂಬ ಬೆಕ್ಕು



ಇವತ್ತು ಒಂದು ಬೆಕ್ಕಿನ ವಿಚಾರ ಮಾತಾಡೋಣ. ನಗಬೇಡಿ. ಇದು ಕಟ್ಟುಕಥೆ ಅಲ್ಲ, ನಡೆದದ್ದು. ಬೆಕ್ಕಿನ ಹೆಸರು ಬಾಬ್. ಊರು ಲಂಡನ್. ಅದು ಇಂಗ್ಲೆಂಡ್ ದೇಶದ ದೊಡ್ಡ ಪಟ್ಟಣ.

ಆ ಪಟ್ಟಣದಲ್ಲಿ ಜೇಮ್ಸ್ ಬೋವೆನ್ ಅಂತ ಒಬ್ಬ ಇದ್ದ. ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ಅಮ್ಮನ ಜೊತೆ ದೂರದ ಆಸ್ಟ್ರೇಲಿಯಾಕ್ಕೆ ಹೋದ. ಬೆಳೆದ ಮೇಲೆ ಲಂಡನ್ನಿಗೆ ವಾಪಸು ಬಂದ. ಅಲ್ಲಿ ನೆಲೆ ಸಿಗಲಿಲ್ಲ. ಬೀದಿಯಲ್ಲಿ ಮಲಗಿದ. ಹೆರಾಯಿನ್ ಅನ್ನುವ ಮಾದಕ ವಸ್ತುವಿನ ಚಟಕ್ಕೆ ಬಿದ್ದ. ಚಟ ಅಂದರೆ ಏನು, ಅದು ಮನೆಗೆ ಏನು ಮಾಡುತ್ತೆ ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕುಡಿತ ನೋಡಿದವರಿಗೆ ಎಲ್ಲ ಗೊತ್ತು.

ಆಮೇಲೆ ಚಟ ಬಿಡಿಸುವ ಔಷಧಿ ತಗೊಳ್ಳೋಕೆ ಶುರು ಮಾಡಿದ. ಇರೋಕೆ ಒಂದು ಸಣ್ಣ ಮನೆ ಸಿಕ್ಕಿತು. ಬೀದಿಯಲ್ಲಿ ಗಿಟಾರ್ ಬಾರಿಸಿ, ಹಾಡಿ, ಜನ ಹಾಕಿದ ಚಿಲ್ಲರೆಯಲ್ಲಿ ಹೊಟ್ಟೆ ಹೊರೆಯುತ್ತಿದ್ದ.

2007ನೇ ಇಸವಿ. ಒಂದು ಸಂಜೆ ಮನೆಗೆ ಬಂದಾಗ ಕಟ್ಟಡದ ಒಳಗೆ, ಒಂದು ಬಾಗಿಲ ಹತ್ತಿರ, ಕೆಂಚು ಬೆಕ್ಕೊಂದು ಮುದುಡಿ ಕೂತಿತ್ತು. ಆ ಮನೆಯವರದ್ದು ಇರಬಹುದು ಅಂತ ಸುಮ್ಮನಾದ. ಮತ್ತೆ ನೋಡಿದಾಗಲೂ ಅಲ್ಲೇ ಇತ್ತು. ಅದು ಯಾರದ್ದೂ ಅಲ್ಲ! ಹತ್ತಿರ ಹೋಗಿ ನೋಡಿದ. ಕಾಲಲ್ಲಿ ಗಾಯ, ಕೀವು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಜೇಮ್ಸನ ಕೈಯಲ್ಲೇ ಕಾಸಿಲ್ಲ. ಆದರೂ ಬೆಕ್ಕನ್ನು ಎತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದ. ಜೇಬಿನಲ್ಲಿದ್ದ ದುಡ್ಡು ಹೆಚ್ಚುಕಮ್ಮಿ ಔಷಧಿಗೇ ಹೋಯಿತು. ಎರಡು ವಾರ ಗುಳಿಗೆ ನುಂಗಿಸಿದ. ಬೆಕ್ಕಿಗೆ ಗುಳಿಗೆ ನುಂಗಿಸೋದು ಅಂದರೆ ಸುಮ್ಮನೆ ಅಲ್ಲ, ಬಾಯಿ ಹಿಡಿದು ಒಳಗೆ ಹಾಕಬೇಕು, ನಾವು ಬಿಟ್ಟ ತಕ್ಷಣ ಉಗುಳುತ್ತೆ. ನಮ್ಮಲ್ಲಿ ಹೋರಿಗೆ ಬೀಜ ಒಡೆಸ್ತಾರಲ್ಲ, ಹಾಗೇ ಅದಕ್ಕೂ ಆಪರೇಷನ್ ಮಾಡಿಸಿದ. ಇಲ್ಲದಿದ್ದರೆ ಗಂಡು ಬೆಕ್ಕು ಊರೆಲ್ಲ ಸುತ್ತಿ, ಕಚ್ಚಾಡಿ, ಮತ್ತೆ ಮತ್ತೆ ಗಾಯ ಮಾಡಿಕೊಳ್ಳುತ್ತೆ.

ಗಾಯ ಮಾಯಿತು. ಇನ್ನು ನಿನ್ನ ದಾರಿ ನೀನು ನೋಡಿಕೋ ಅಂತ ಬೆಕ್ಕನ್ನು ಹೊರಗೆ ಬಿಟ್ಟ. ಬೆಕ್ಕು ಹೋಗಲಿಲ್ಲ. ಅವನ ಹಿಂದೆಯೇ ಬಂತು. ಓಡಿಸಿದರೂ ಬಂತು. ಒಂದು ದಿನ ಅವನು ಬಸ್ಸು ಹತ್ತಿದ. ಇದೂ ಹತ್ತಿತು, ಪಕ್ಕದಲ್ಲಿ ಕೂತಿತು! ನಾಯಿ ಹೀಗೆ ಮಾಡಿದ್ದು ನಾವೆಲ್ಲ ಕಂಡಿದ್ದೇವೆ. ಬೆಕ್ಕು ಮನೆಗೆ ಒಗ್ಗುತ್ತೆ, ಮನುಷ್ಯನಿಗೆ ಒಗ್ಗಲ್ಲ ಅಂತಾರೆ. ಈ ಬೆಕ್ಕಿಗೆ ಆ ಮಾತು ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಅಂದಿನಿಂದ ಬಾಬ್ ಅವನ ಹೆಗಲ ಮೇಲೆ ಕೂತು ಕೆಲಸಕ್ಕೆ ಹೋಗುತ್ತಿತ್ತು. ಮುಂಚೆ ಜನ ಜೇಮ್ಸನನ್ನು ಕಂಡರೆ ಮುಖ ತಿರುಗಿಸಿ ಹೋಗುತ್ತಿದ್ದರು. ಈಗ ಬೆಕ್ಕು ನೋಡೋಕೆ ನಿಂತರು. ಮಾತಾಡಿಸಿದರು. ಹೆಸರು ಕೇಳಿದರು. ಆಮೇಲೆ ಅವನು ಹಾಡೋದು ಬಿಟ್ಟು, ಮನೆಯಿಲ್ಲದವರು ಮಾರುವ ಒಂದು ಪತ್ರಿಕೆ ಮಾರಿದ. ಆಗಲೂ ಬಾಬ್ ಜೊತೆಗೇ ಇತ್ತು.

ಕಷ್ಟದ ದಿನ ಇನ್ನೂ ಮುಂದಿತ್ತು. ಒಂದು ಔಷಧಿ ನಿಲ್ಲಿಸಿ ಇನ್ನೊಂದಕ್ಕೆ ಬದಲಾಯಿಸಬೇಕು. ನಡುವೆ ಎರಡು ದಿನ ಏನೂ ತಗೊಳ್ಳೋ ಹಾಗಿಲ್ಲ. ಮೈಯೆಲ್ಲ ನೋವು, ನಡುಕ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಬೆಕ್ಕು ಪಕ್ಕದಲ್ಲೇ ಮಲಗಿತ್ತು. ಬೆಕ್ಕು ಚಟ ಬಿಡಿಸಿತು ಅಂತ ನಾವು ಹೇಳಲ್ಲ. ಬಿಡಿಸಿದ್ದು ವೈದ್ಯರು, ಔಷಧಿ, ಮತ್ತೆ ಅವನ ಹಟ. ಆದರೆ ಬೆಳಿಗ್ಗೆ ಎದ್ದು ಅನ್ನ ಹಾಕಬೇಕಾದ ಒಂದು ಜೀವ ಮನೆಯಲ್ಲಿತ್ತು. ಬಾಬ್ ನನ್ನ ಪ್ರಾಣ ಉಳಿಸಿತು ಅಂತ ಜೇಮ್ಸ್ ಎಷ್ಟೋ ಸಲ ಹೇಳಿದ್ದಾನೆ.

ಈ ಕಥೆಯನ್ನು ಅವನು ಒಬ್ಬ ಬರಹಗಾರನ ಸಹಾಯದಿಂದ ಪುಸ್ತಕ ಮಾಡಿದ. 2012ರಲ್ಲಿ ಅಚ್ಚಾಯಿತು. ಬಹಳ ಭಾಷೆಗಳಿಗೆ ಹೋಯಿತು. 2016ರಲ್ಲಿ ಸಿನಿಮಾ ಬಂತು. ಅದರಲ್ಲಿ ಬಾಬ್ ಪಾತ್ರವನ್ನು ಬಹುಪಾಲು ಮಾಡಿದ್ದು ಬಾಬ್ ಬೆಕ್ಕೇ.

2020ರ ಜೂನ್ 15ರಂದು ಬಾಬ್ ತೀರಿಕೊಂಡಿತು. ಕಾರು ಬಡಿದು ಸತ್ತಿತು ಅಂತ ತಿಳಿದುಬಂತು. ಕಡಿಮೆ ಅಂದರೂ ಹದಿನಾಲ್ಕು ವರ್ಷ ಆಗಿತ್ತು. ಎಲ್ಲಿ ಹುಟ್ಟಿತೋ ಯಾರಿಗೂ ಗೊತ್ತಿಲ್ಲ, ಅದಕ್ಕೇ ಸರಿಯಾದ ವಯಸ್ಸೂ ಗೊತ್ತಿಲ್ಲ. ಜೇಮ್ಸನ ದುಃಖ ಕೇಳಬೇಡಿ. ಮುಂದಿನ ವರ್ಷ, 2021ರ ಜುಲೈನಲ್ಲಿ, ಅವರಿಬ್ಬರು ಪತ್ರಿಕೆ ಮಾರುತ್ತಿದ್ದ ಇಸ್ಲಿಂಗ್ಟನ್ ಅನ್ನೋ ಬಡಾವಣೆಯ ಪಾರ್ಕಿನಲ್ಲಿ ಬಾಬ್‌ನ ಮೂರ್ತಿ ನಿಲ್ಲಿಸಿದರು.

"ಬೆಕ್ಕಿಗೆ ಮೂರ್ತಿಯಾ?" ಅಂತೀರಿ. "ದುಡ್ಡು ಹೆಚ್ಚಾದವರ ಕೆಲಸ" ಅಂತೀರಿ. ನಾವೂ ಕೇಳಿದ್ದೇವೆ ಇಂಥ ಮಾತು. ಸಾಕಿದ ಬೆಕ್ಕು ಸತ್ತಿತು ಅಂತ ಯಾರಾದರೂ ಕಣ್ಣಲ್ಲಿ ನೀರು ತಂದರೆ, ಮನುಷ್ಯರು ಸತ್ತಾಗಲೇ ಅಳೋರಿಲ್ಲ, ಇದೇನು ಅಂತ ಆಡಿಕೊಳ್ಳೋರು ಇದ್ದಾರೆ. ಅವರಿಗೆ ಒಂದು ಕಲ್ಲಿನ ವಿಷಯ ಹೇಳಬೇಕು.

ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನಲ್ಲಿ ಆತಕೂರು ಅಂತ ಒಂದು ಊರಿದೆ. ಸುಮಾರು 950ನೇ ಇಸವಿಯ ಮಾತು. ಸಾವಿರ ವರ್ಷ ದಾಟಿತು. ಮಣಲೇರ ಅನ್ನುವ ವೀರ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ದೊರೆ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಚಿನ್ನ ಕೇಳಲಿಲ್ಲ. ಒಂದು ಬೇಟೆ ನಾಯಿ ಕೇಳಿದ. ಅದರ ಹೆಸರು ಕಾಳಿ. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು.

ಮಣಲೇರ ಊರಿನ ಶಿವನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನೆಡಿಸಿದ. ಅದರ ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟ. ಭೂಮಿಯ ಫಲ ಉಂಡು ಪೂಜೆ ತಪ್ಪಿಸಿದ ಪೂಜಾರಿಗೆ ಆ ನಾಯಿಯ ಪಾಪ ತಟ್ಟಲಿ ಅಂತ ಬರೆಸಿದ. ಎಲ್ಲ ಕನ್ನಡದಲ್ಲೇ ಇದೆ.

ಆ ಕಲ್ಲನ್ನು ಆಮೇಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದು ಇಟ್ಟರು. ಅಕ್ಷರ ಹಳೇ ಕಾಲದ್ದು, ನಮಗೂ ನಿಮಗೂ ಓದೋಕೆ ಬರಲ್ಲ. ಮೇಲೆ ಕೆತ್ತಿದ ಚಿತ್ರ ಮಾತ್ರ ಯಾರಿಗಾದರೂ ತಿಳಿಯುತ್ತೆ. ಹಂದಿ ದೊಡ್ಡದು, ನಾಯಿ ಚಿಕ್ಕದು. ನಾಯಿ ಹಿಡಿದ ಪಟ್ಟು ಬಿಟ್ಟಿಲ್ಲ.