ಚಪ್ಪಲಿ ಇದೆ, ತೊಟ್ಟವಳಿಲ್ಲ

(ಹೆಮ್ಮರಗಾಲದಲ್ಲಿ ಊರಿನ ಯುವಜನರು ಕರೆದಿದ್ದ ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಫೋಟೋ ತೆಗೆಯುವುದರ ಬಗ್ಗೆ ಮಾತನಾಡಿ ಎಂದು ಕರೆದಿದ್ದೀರಿ. ಯಾವ ಕ್ಯಾಮೆರಾ ಕೊಳ್ಳಬೇಕು, ಬೆಳಕು ಎಲ್ಲಿಂದ ಬೀಳಬೇಕು ಎಂಬುದನ್ನೆಲ್ಲ ನಂಜನಗೂಡಿನ ಸ್ಟುಡಿಯೋದವರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಒಬ್ಬ ಮನುಷ್ಯನ ಕತೆ ಹೇಳುತ್ತೇನೆ. ಆತ ಪ್ಯಾರಿಸಿನವನು. ಹೆಂಗಸರ ಚಪ್ಪಲಿ, ಟೋಪಿ, ಉಡುಪುಗಳನ್ನು ಮಾರುವವರಿಗೆ ಫೋಟೋ ತೆಗೆದುಕೊಡುವುದು ಆತನ ಕಸುಬು. ಹೆಸರು ಗಿ ಬೂರ್ದಾಂ. ಆತನ ಹೆಸರು ಕೇಳದವರೂ ಆತನ ಚಿತ್ರಗಳ ಮೊಮ್ಮಕ್ಕಳನ್ನು ನೋಡಿರುತ್ತೀರಿ. ಇವತ್ತು ಮೊಬೈಲಿನಲ್ಲಿ ಬರುವ ಎಷ್ಟೋ ಜಾಹೀರಾತುಗಳ ಕೆಂಪು, ಹೊಳಪು, ಅರ್ಧಕ್ಕೆ ಕತ್ತರಿಸಿದಂತೆ ಕಾಣುವ ಕಾಲು-ಕೈಗಳು ಅಲ್ಲಿಂದ ಬಂದವು.

ಮಕ್ಕಳಾಗಲೆಂದು ಹರಕೆ ಹೊತ್ತವರು ದೂರದೂರದಿಂದ ಬರುವ ಸಂತಾನ ವೇಣುಗೋಪಾಲಸ್ವಾಮಿಯ ಊರು ನಿಮ್ಮದು. ಇಲ್ಲಿ ನಿಂತು, ಹೆತ್ತವಳೇ ಬಿಟ್ಟುಹೋದ ಮಗುವಿನಿಂದ ಕತೆ ಶುರು ಮಾಡಬೇಕಾಗಿದೆ. 1928ರ ಡಿಸೆಂಬರ್ 2ರಂದು ಬೂರ್ದಾಂ ಹುಟ್ಟಿದ. ಎಳೆಯ ವಯಸ್ಸಿನಲ್ಲೇ ತಾಯಿ ಅವನನ್ನು ತೊರೆದಳು. ದತ್ತು ತೆಗೆದುಕೊಂಡವನ ಮನೆಯಲ್ಲಿ, ಅಜ್ಜಿಯ ಆರೈಕೆಯಲ್ಲಿ ಬೆಳೆದ. ತಾಯಿ ಮತ್ತೆ ಅವನ ಕಣ್ಣಿಗೆ ಬಿದ್ದದ್ದು ಒಂದೇ ಒಂದು ಸಲ ಎನ್ನುತ್ತಾರೆ. ಬಿಳಿಚಿದ ಮುಖ, ಕೆಂಚು ಕೂದಲಿನ ಹೆಂಗಸು. ಮುಂದೆ ಮೂವತ್ತು ವರ್ಷ ಆತ ತನ್ನ ಚಿತ್ರಗಳಿಗೆ ಆರಿಸಿಕೊಂಡ ಹುಡುಗಿಯರಲ್ಲಿ ಬಹಳ ಮಂದಿ ಹಾಗೆಯೇ ಇದ್ದಾರೆ. ಬಿಳಿಚಿದ ಮುಖ, ಕೆಂಪು ಕೂದಲು, ತುಟಿಗೆ ಗಾಢ ಬಣ್ಣ. ಬರೆಯುವವರೆಲ್ಲ ಇದರಿಂದ ಒಂದು ಮನಶ್ಶಾಸ್ತ್ರವನ್ನೇ ಕಟ್ಟಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ತಾಯಿಯಿಲ್ಲದೆ ಬೆಳೆದವರೆಲ್ಲ ಹೀಗಾಗುವುದಿಲ್ಲ.

ಕ್ಯಾಮೆರಾ ಕೈಗೆ ಬಂದದ್ದು ಸೇನಾಸೇವೆಯಲ್ಲಿ. ಆಗ ಯುವಕರಿಗೆಲ್ಲ ಅದು ಕಡ್ಡಾಯವಾಗಿತ್ತು. 1948-49ರಲ್ಲಿ ಆಫ್ರಿಕಾದ ಡಕಾರ್‌ನಲ್ಲಿ ವಾಯುಪಡೆಯವರ ಜೊತೆಯಿದ್ದಾಗ ಫೋಟೋಗ್ರಫಿ ಕಲಿತ. ಊರಿಗೆ ಮರಳಿದ ಮೇಲೆ ಮ್ಯಾನ್ ರೇ ಎಂಬ ಪ್ರಸಿದ್ಧ ಕಲಾವಿದನ ಮನೆ ಬಾಗಿಲು ತಟ್ಟಿದ. ಆರು ಸಲ ಹಿಂದಕ್ಕೆ ಕಳಿಸಿದರು, ಏಳನೆಯ ಸಲ ಒಳಗೆ ಬಿಟ್ಟರು ಎಂಬ ಕತೆಯಿದೆ. ಏನೇ ಆಗಲಿ, 1952ರಲ್ಲಿ ಬೂರ್ದಾಂನ ಪ್ರದರ್ಶನಕ್ಕೆ ಮುನ್ನುಡಿ ಬರೆದುಕೊಟ್ಟವನು ಮ್ಯಾನ್ ರೇ. ಕನಸಿನಲ್ಲಿ ಬರುವಂಥ ಅಸಂಗತ ಜೋಡಣೆಗಳನ್ನು ಎಚ್ಚರದಲ್ಲಿ ತೋರಿಸುವುದು ಆ ಗುಂಪಿನ ಕಲಾವಿದರ ರೀತಿ. ಬೂರ್ದಾಂ ಅದನ್ನು ಅಂಗಡಿ ಬೀದಿಗೆ ತಂದ.

1955ರ ಫೆಬ್ರವರಿ. ಫ್ರಾನ್ಸಿನ ‘ವೋಗ್’ ಪತ್ರಿಕೆಯಲ್ಲಿ ಅವನ ಮೊದಲ ಫ್ಯಾಷನ್ ಚಿತ್ರಗಳು ಬಂದವು. ಮಾರಬೇಕಿದ್ದದ್ದು ಟೋಪಿ. ಸೊಗಸಾದ ಟೋಪಿ ಇಟ್ಟ ಹುಡುಗಿಯನ್ನು ಆತ ನಿಲ್ಲಿಸಿದ್ದು ಕಟುಕರ ಅಂಗಡಿಯಲ್ಲಿ. ಅವಳ ತಲೆಯ ಮೇಲೆ ಸಾಲಾಗಿ ನೇತುಬಿದ್ದ ಕರುಗಳ ತಲೆಗಳು, ಚರ್ಮ ಸುಲಿದವು. ಟೋಪಿಯಿರುವ ತಲೆ ಒಂದು, ದೇಹವಿಲ್ಲದ ತಲೆಗಳು ಹಲವು. ಆ ಕಾಲದ ಫ್ಯಾಷನ್ ಚಿತ್ರವೆಂದರೆ ನಮ್ಮ ಸೀರೆ ಅಂಗಡಿಯ ಕ್ಯಾಲೆಂಡರಿನಂತೆ: ಹುಡುಗಿ ನಿಲ್ಲಬೇಕು, ಸೆರಗು ಕಾಣಬೇಕು, ಮುಗುಳ್ನಗಬೇಕು. ಅಲ್ಲಿ ಇವನು ಕಸಾಯಿಖಾನೆ ತಂದಿಟ್ಟ. ಓದುಗರು ಸಿಟ್ಟಾದರು. ಪತ್ರಿಕೆ ಅವನನ್ನು ಬಿಡಲಿಲ್ಲ. 1987ರವರೆಗೆ ಅಲ್ಲೇ ದುಡಿದ.

ಅವನ ಕೀರ್ತಿ ನಿಂತಿರುವುದು ಚಪ್ಪಲಿಯ ಮೇಲೆ. ಶಾರ್ಲ್ ಜೂರ್ದಾಂ ಎಂಬ ಕಂಪನಿಗೆ 1967ರಿಂದ 1981ರವರೆಗೆ ಜಾಹೀರಾತು ಚಿತ್ರ ತೆಗೆದ. 1975ರ ಚಿತ್ರವೊಂದನ್ನು ಹೇಳುತ್ತೇನೆ, ಕಣ್ಣಿಗೆ ತಂದುಕೊಳ್ಳಿ. ರಸ್ತೆ ಬದಿ. ನಿಂತಿರುವ ಕರಿ ಕಾರು. ನೆಲದ ಮೇಲೆ ಪೊಲೀಸರು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರಲ್ಲ, ಹಾಗೆ ಒಂದು ದೇಹದ ಗೆರೆ. ರಕ್ತದ ಕಲೆ. ದೇಹವನ್ನು ಒಯ್ದಾಗಿದೆ. ಉಳಿದಿರುವುದು ಗುಲಾಬಿ ಬಣ್ಣದ ಒಂದು ಜೊತೆ ಶೂ. ಅದೇ ಮಾರಾಟದ ಸರಕು.

ನಮ್ಮ ವೃತ್ತಿಯವರಿಗೆ ಈ ಚಿತ್ರ ಹೊಸದಲ್ಲ. ಮೈಸೂರು-ನಂಜನಗೂಡು ರಸ್ತೆಯಲ್ಲಿ ಅಪಘಾತವಾದಾಗ ಪತ್ರಿಕೆಯಲ್ಲಿ ಶವ ತೋರಿಸುವಂತಿಲ್ಲ. ಆಗ ಫೋಟೋಗ್ರಾಫರ್ ಏನು ಮಾಡುತ್ತಾನೆ? ರಸ್ತೆಯಲ್ಲಿ ಬಿದ್ದಿರುವ ಒಂಟಿ ಚಪ್ಪಲಿ ಹುಡುಕುತ್ತಾನೆ. ಓದುಗ ಉಳಿದದ್ದನ್ನು ತಾನೇ ಊಹಿಸಿಕೊಳ್ಳುತ್ತಾನೆ, ಊಹಿಸಿಕೊಂಡದ್ದು ಕಂಡದ್ದಕ್ಕಿಂತ ಹೆಚ್ಚು ಕಾಡುತ್ತದೆ. ಬೂರ್ದಾಂ ಹಿಡಿದದ್ದು ಈ ಗುಟ್ಟನ್ನೇ. ಶೂ ಚೆನ್ನಾಗಿದೆ ಎಂದು ಹೇಳುವ ಚಿತ್ರವನ್ನು ನಾವು ಒಂದು ಕ್ಷಣ ನೋಡಿ ಪುಟ ತಿರುವುತ್ತೇವೆ. ಇವಳಿಗೆ ಏನಾಯಿತು ಎಂದು ಕೇಳಿಸುವ ಚಿತ್ರದ ಮುಂದೆ ನಿಲ್ಲುತ್ತೇವೆ. ನಿಂತಷ್ಟು ಹೊತ್ತೂ ಶೂ ಕಣ್ಣ ಮುಂದೆಯೇ ಇರುತ್ತದೆ.

ಕಸುಬಿನಲ್ಲಿ ಆತ ಮಹಾ ಹಟಮಾರಿ. ಮೊದಲೇ ಪುಸ್ತಕದಲ್ಲಿ ಗೀಚಿಟ್ಟುಕೊಂಡು, ಗೀಚಿದಂತೆಯೇ ಆಗುವವರೆಗೆ ಬಿಡುತ್ತಿರಲಿಲ್ಲ. ಪತ್ರಿಕೆಯ ಎರಡು ಪುಟ ಬಿಡಿಸಿದಾಗ ನಡುವೆ ಮಡಿಕೆ ಬರುತ್ತದಲ್ಲ, ಉಳಿದವರಿಗೆ ಅದು ತೊಡಕು. ಇವನು ಆ ಮಡಿಕೆಯನ್ನೇ ಗೋಡೆಯಂತೆ, ಕನ್ನಡಿಯಂತೆ ಬಳಸಿಕೊಂಡ. ಸಮುದ್ರದ ನೀಲಿ ಸಾಲದೆಂದು ಬಣ್ಣ ಸುರಿಸಿದ ಎಂಬ ಕತೆಯೂ ಇದೆ. ಕಂಪ್ಯೂಟರಿನಲ್ಲಿ ತಿದ್ದುವ ಕಾಲ ಅದಲ್ಲ. ಚಿತ್ರದಲ್ಲಿ ಏನು ಕಾಣಬೇಕೋ ಅದು ಕ್ಯಾಮೆರಾ ಮುಂದೆ ನಿಜವಾಗಿಯೂ ಇರಬೇಕಿತ್ತು.

ತೊಂದರೆ ಶುರುವಾಗುವುದು ಇಲ್ಲೇ. ಕ್ಯಾಮೆರಾ ಮುಂದೆ ಹುಡುಗಿಯೂ ಇರಬೇಕಿತ್ತಲ್ಲ. ಅವನ ಬಗ್ಗೆ ಮತ್ತೆ ಮತ್ತೆ ಹೇಳಲಾಗುವ ಒಂದು ಪ್ರಸಂಗವಿದೆ. ಇಬ್ಬರು ಹುಡುಗಿಯರ ಮೈಗೆ ಗೋಂದು ಹಚ್ಚಿ ಸಣ್ಣ ಸಣ್ಣ ಮುತ್ತುಗಳನ್ನು ಅಂಟಿಸಿದರು. ಚರ್ಮಕ್ಕೆ ಗಾಳಿಯಾಡದೆ ಹುಡುಗಿಯರು ಬವಳಿ ಬಂದು ಬಿದ್ದರು. ಗಾಬರಿಯಾದ ಸಹಾಯಕರು ಮುತ್ತು ಕೀಳಲು ಹೋದರೆ, ಇವರು ಸತ್ತು ಮಲಗಿರುವಂತೆ ಚಿತ್ರ ತೆಗೆದರೆ ಚೆನ್ನಾಗಿರುತ್ತದೆ ಎಂಬರ್ಥದ ಮಾತನ್ನು ಬೂರ್ದಾಂ ಆಡಿದನಂತೆ. ಕತೆ ಬಾಯಿಂದ ಬಾಯಿಗೆ ಬೆಳೆದಿರಬಹುದು. ಆದರೆ ಚಿತ್ರಗಳನ್ನು ನೋಡಿದವರು ಇದನ್ನು ನಂಬಲು ಕಷ್ಟಪಡಲಿಲ್ಲ.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. 1961ರಲ್ಲಿ ಮದುವೆಯಾಗಿ, 1967ರಲ್ಲಿ ಮಗ ಸಾಮ್ಯುಯೆಲ್ ಹುಟ್ಟಿದ. 1971ರಲ್ಲಿ ಹೆಂಡತಿ ತೀರಿಕೊಂಡಳು. ಆಮೇಲೆ ಜೊತೆಗಿದ್ದ ಗೆಳತಿಯೂ ನೇಣು ಹಾಕಿಕೊಂಡು ಸತ್ತಳು. ಆತನ ಸುತ್ತ ಇದ್ದ ಹೆಣ್ಣುಮಕ್ಕಳ ಪಾಡನ್ನೂ ಅವನ ಚಿತ್ರಗಳನ್ನೂ ಒಂದೇ ದಾರದಲ್ಲಿ ಪೋಣಿಸುವುದು ಬರಹಗಾರರಿಗೆ ಸುಲಭ, ರೋಚಕವೂ ಹೌದು. ಸತ್ತವರ ಮನೆಯ ಒಳಗಿನದು ಹೊರಗಿನವರಿಗೆ ಪೂರ್ತಿ ಗೊತ್ತಿರುವುದಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಚಿತ್ರಗಳ ಬಗ್ಗೆ ಜಗಳ ಎರಡು ಪಂಗಡಗಳ ನಡುವೆ. ಹೆಣ್ಣನ್ನು ಕಾಲು, ತುಟಿ, ಹೆಣ ಎಂದು ತುಂಡು ಮಾಡಿ ತೋರಿಸಿದ, ಹಿಂಸೆಯನ್ನು ಸೊಗಸಾಗಿಸಿದ ಎಂದು ಸ್ತ್ರೀವಾದಿಗಳು ಹೇಳಿದರು. ಫ್ಯಾಷನ್ ಪತ್ರಿಕೆ ಹೆಣ್ಣನ್ನು ಗೊಂಬೆಯಾಗಿಸುತ್ತದೆ ಎಂಬ ಸತ್ಯವನ್ನು ಅದೇ ಪತ್ರಿಕೆಯ ಪುಟದಲ್ಲಿ ಬಯಲು ಮಾಡಿದ ಎಂದು ಮೆಚ್ಚಿದವರು ಹೇಳಿದರು. 1979ರಲ್ಲಿ ಆತ ಕಾರಿನಲ್ಲಿ ಇಂಗ್ಲೆಂಡ್ ಸುತ್ತಿದ. ಜೊತೆಗೆ ಒಯ್ದದ್ದು ಅಂಗಡಿಯ ಗೊಂಬೆಯ ಎರಡು ಕಾಲುಗಳನ್ನು. ಮೊಣಕಾಲಿನ ಮೇಲೆ ಏನೂ ಇಲ್ಲ. ಆ ಕಾಲುಗಳು ಶೂ ತೊಟ್ಟು ಬಸ್ ನಿಲ್ದಾಣದಲ್ಲಿ, ಬೀದಿಯಲ್ಲಿ, ಸಮುದ್ರ ದಂಡೆಯಲ್ಲಿ ನಿಂತಿವೆ. ನಗುವೂ ಬರುತ್ತದೆ, ಮೈ ಜುಮ್ಮೂ ಎನ್ನುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅವನ ಎಲ್ಲ ಕೆಲಸದಲ್ಲಿ ನಾನು ಕಸಿವಿಸಿಯಿಲ್ಲದೆ ಮೆಚ್ಚುವುದು ಇದನ್ನೇ. ಗೋಂದು ಹಚ್ಚಿದರೆ ಗೊಂಬೆಗೆ ಉಸಿರು ಕಟ್ಟುವುದಿಲ್ಲ.

ನಮ್ಮ ದೇಶಕ್ಕೆ ಬರೋಣ. ಇಲ್ಲಿಯೂ ಗಲಾಟೆಯಾದದ್ದು ಶೂ ಜಾಹೀರಾತಿನಿಂದಲೇ ಎಂಬುದು ವಿಚಿತ್ರ. 1995ರಲ್ಲಿ ‘ಟಫ್’ ಶೂಗಳಿಗಾಗಿ ಪ್ರಬುದ್ಧ ದಾಸ್‌ಗುಪ್ತ ತೆಗೆದ ಚಿತ್ರದಲ್ಲಿ ಮಿಲಿಂದ್ ಸೋಮನ್ ಮತ್ತು ಮಧು ಸಪ್ರೆ ಇದ್ದರು. ಮೈಮೇಲೆ ಶೂ ಬಿಟ್ಟರೆ ಒಂದು ಹೆಬ್ಬಾವು, ಅಷ್ಟೇ. ಮುಂಬೈ ಪೊಲೀಸರು ಅಶ್ಲೀಲತೆಯ ಮೊಕದ್ದಮೆ ಹೂಡಿದರು. ಹಾವಿನ ದೆಸೆಯಿಂದ ವನ್ಯಜೀವಿ ಕಾಯ್ದೆಯೂ ಸೇರಿಕೊಂಡಿತು. ಆರೋಪಿಗಳು ಖುಲಾಸೆಯಾದದ್ದು 2009ರಲ್ಲಿ, ಹದಿನಾಲ್ಕು ವರ್ಷದ ಮೇಲೆ. ಮೊಕದ್ದಮೆ ಶುರುವಾದ ಮರುವರ್ಷ, 1996ರ ನವೆಂಬರಿನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಬೀದಿಯಲ್ಲಿ ಪ್ರತಿಭಟನೆಗಳಾದವು. ಈಜುಡುಗೆಯ ಸುತ್ತನ್ನು ಸೆಷೆಲ್ಸ್ ದ್ವೀಪಕ್ಕೆ ಸಾಗಿಸಿದರು, ಸಂಸ್ಕೃತಿ ಸಮುದ್ರ ದಾಟಿದರೆ ಹಾನಿಯಿಲ್ಲವೆಂಬಂತೆ!

ಈ ಎರಡೂ ಗಲಾಟೆಗಳಲ್ಲಿ ನಮ್ಮ ಪ್ರಶ್ನೆ ಒಂದೇ ಆಗಿತ್ತು: ಬಟ್ಟೆ ಎಷ್ಟು? ಕಾನೂನೂ ಅದನ್ನೇ ಅಳೆಯಿತು, ಭಾಷಣಗಳೂ ಅದನ್ನೇ ಅಳೆದವು. ಬೂರ್ದಾಂನ ಕಟುಕರ ಅಂಗಡಿಯಲ್ಲಿ ನಿಂತ ಹುಡುಗಿ ಪೂರ್ತಿ ಬಟ್ಟೆ ತೊಟ್ಟಿದ್ದಳು. ಸೀಮೆಸುಣ್ಣದ ಗೆರೆಯ ಚಿತ್ರದಲ್ಲಿ ಹುಡುಗಿಯೇ ಇಲ್ಲ. ಬಟ್ಟೆ ಅಳೆಯುವ ಕೋಲಿನಿಂದ ಇವನ್ನು ಅಳೆಯಲಾಗದು. ನಾನು ಕೇಳುವುದು ಬೇರೆ: ಕ್ಯಾಮೆರಾ ಮುಂದೆ ನಿಂತವರು ‘ಸಾಕು’ ಎಂದರೆ ನಿಲ್ಲಿಸುವವರು ಯಾರಾದರೂ ಅಲ್ಲಿದ್ದಾರೆಯೇ?

ಇದು ಪ್ಯಾರಿಸಿನ ಪ್ರಶ್ನೆಯಷ್ಟೇ ಅಲ್ಲ. 2020ರ ನವೆಂಬರಿನಲ್ಲಿ, ಪಕ್ಕದ ತಿ. ನರಸೀಪುರ ತಾಲ್ಲೂಕಿನ ತಲಕಾಡಿನ ಹತ್ತಿರ, ಮದುವೆ ಗೊತ್ತಾಗಿದ್ದ ಹುಡುಗ-ಹುಡುಗಿ ಫೋಟೋ ತೆಗೆಸಿಕೊಳ್ಳಲು ಕಾವೇರಿಯಲ್ಲಿ ತೆಪ್ಪ ಹತ್ತಿದರು. ಆಯ ತಪ್ಪಿ ಇಬ್ಬರೂ ನೀರುಪಾಲಾದರು. ಇಲ್ಲಿ ಕುಳಿತಿರುವವರಲ್ಲಿ ಬಹಳ ಜನ ಆ ಸುದ್ದಿ ಓದಿರುತ್ತೀರಿ. ಅದರಲ್ಲಿ ಬೂರ್ದಾಂನಂಥವರ ಕೈವಾಡ ಇಲ್ಲ, ಯಾರ ಕ್ರೌರ್ಯವೂ ಇಲ್ಲ. ಚೆಂದದ ಚಿತ್ರವೊಂದು ಬೇಕೆಂಬ ಆಸೆ ಮಾತ್ರ. ಆದರೆ ಸಿನಿಮಾದಂತೆ, ಜಾಹೀರಾತಿನಂತೆ ನಿಲ್ಲಬೇಕು, ನೀರಿನ ನಡುವೆಯೇ ನಿಲ್ಲಬೇಕು ಎಂಬುದು ಮದುವೆ ಮನೆಗಳಿಗೆ ಎಲ್ಲಿಂದ ಬಂತು? ಹಿಂದೆ ಸ್ಟುಡಿಯೋದಲ್ಲಿ ಪರದೆಯ ಮೇಲೆ ಬರೆದ ಹೊಳೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅದನ್ನು ನೋಡಿ ನಗುತ್ತೇವೆ. ಆ ಹೊಳೆಯಲ್ಲಿ ಯಾರೂ ಮುಳುಗುತ್ತಿರಲಿಲ್ಲ.

ಪರದೆಯ ಮಾತು ಬಂದದ್ದರಿಂದ ಬೆಂಗಳೂರಿನ ಒಬ್ಬ ಕಲಾವಿದೆಯ ಹೆಸರು ಹೇಳಲೇಬೇಕು. ಎನ್. ಪುಷ್ಪಮಾಲಾ, 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ದಕ್ಷಿಣ ಭಾರತದ ‘ದೇಸಿ ಹೆಂಗಸರ’ ಚಿತ್ರಮಾಲೆಯೊಂದನ್ನು ಮಾಡಿದರು. ರವಿವರ್ಮನ ಲಕ್ಷ್ಮಿ, ಬೆಳದಿಂಗಳಲ್ಲಿ ಕುಳಿತ ಹೆಣ್ಣು, ಬಿಳಿಯ ಅಧಿಕಾರಿಗಳು ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳೆದ ಆದಿವಾಸಿ ಹೆಣ್ಣು, ಪತ್ರಿಕೆಯಲ್ಲಿ ಅಚ್ಚಾದ ಪೊಲೀಸ್ ಚಿತ್ರದ ಕಳ್ಳಿಯರು — ಎಲ್ಲ ಹಳೆಯ ಚಿತ್ರಗಳನ್ನೂ ವೇಷ, ರಂಗಸಜ್ಜು ಕಟ್ಟಿ ಮತ್ತೆ ತೆಗೆದರು. ಪ್ರತಿಯೊಂದರಲ್ಲೂ ಕ್ಯಾಮೆರಾ ಮುಂದೆ ನಿಂತವರು ಪುಷ್ಪಮಾಲಾ ಅವರೇ. ಯಾರು ನಿಲ್ಲಬೇಕು, ಹೇಗೆ, ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸಿದ್ದೂ ಅವರೇ. ಬೂರ್ದಾಂನಂತೆ ಇವರೂ ಚಿತ್ರವನ್ನು ಇಂಚಿಂಚಾಗಿ ಕಟ್ಟಿದರು, ನೋಡುವವರನ್ನು ಕೆಣಕಿದರು. ಬೆಲೆ ತೆತ್ತದ್ದು ಮಾತ್ರ ಸ್ವಂತ ಮೈಯಿಂದ. ಪತ್ರಿಕೆಯ ಕಳ್ಳಿಯರ ಚಿತ್ರ ನನ್ನನ್ನು ಹೆಚ್ಚು ಕಾಡುತ್ತದೆ. ಅಂಥ ಚಿತ್ರಗಳನ್ನು ನಾವು ವಾರಕ್ಕೊಮ್ಮೆ ಅಚ್ಚು ಹಾಕುತ್ತೇವೆ, ನಿಲ್ಲಿಸಲ್ಪಟ್ಟವರನ್ನು ಕೇಳದೆಯೇ.

ಬೂರ್ದಾಂನ ಉಳಿದ ಕತೆ ಚಿಕ್ಕದು. 1985ರಲ್ಲಿ ಫ್ರಾನ್ಸ್ ಸರ್ಕಾರ ಫೋಟೋಗ್ರಫಿಯ ರಾಷ್ಟ್ರೀಯ ಪ್ರಶಸ್ತಿ ಕೊಟ್ಟಾಗ ಬೇಡವೆಂದ. ಬದುಕಿರುವವರೆಗೆ ತನ್ನ ಚಿತ್ರಗಳ ಒಂದು ಪುಸ್ತಕವನ್ನೂ ತರಲಿಲ್ಲ. ಪತ್ರಿಕೆಯ ಪುಟದಲ್ಲಿ ಬಂದರೆ ಅಲ್ಲಿಗೆ ಮುಗಿಯಿತು, ನಾಳೆ ಅದು ರದ್ದಿ. 1991ರ ಮಾರ್ಚ್ 29ರಂದು ಕ್ಯಾನ್ಸರಿನಿಂದ ತೀರಿಕೊಂಡ. ಮೊದಲ ಪುಸ್ತಕ ಬಂದದ್ದು 2001ರಲ್ಲಿ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನವಾದದ್ದು 2003ರಲ್ಲಿ. ಅದೇ ವರ್ಷ ಗಾಯಕಿ ಮಡೋನಾ ತನ್ನ ಹಾಡಿನ ವಿಡಿಯೋದಲ್ಲಿ ತಂದೆಯ ಚಿತ್ರಗಳನ್ನು ನಕಲು ಮಾಡಿದಳೆಂದು ಮಗ ಸಾಮ್ಯುಯೆಲ್ ದಾವೆ ಹೂಡಿದ, ಅದು ರಾಜಿಯಲ್ಲಿ ಮುಗಿಯಿತು.

ಇನ್ನೊಂದು ಪುಸ್ತಕದ ಹೆಸರು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಿಕೋಲ್ ಮೇಯರ್ ಎಂಬ ಅಮೆರಿಕದ ನರ್ತಕಿ 1977ರಿಂದ 1980ರವರೆಗೆ ಅವನ ಮುಖ್ಯ ರೂಪದರ್ಶಿಯಾಗಿದ್ದಳು. ಸೇರಿದಾಗ ಅವಳಿಗೆ 17 ವರ್ಷ. ಆ ದಿನಗಳ ಚಿತ್ರಗಳ ಪುಸ್ತಕ ‘ಎ ಮೆಸೇಜ್ ಫಾರ್ ಯೂ’ 2006ರಲ್ಲಿ ಬಂತು. ಆಕೆಯ ನೆನಪುಗಳಲ್ಲಿ ದೂರಿಗಿಂತ ಅಕ್ಕರೆ ಹೆಚ್ಚು. ಮುತ್ತಿನ ಹುಡುಗಿಯರ ಕತೆಯನ್ನು ನಂಬುವ ನಾನು ಇವಳ ಮಾತನ್ನೂ ತಳ್ಳಿಹಾಕಲಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಆ ಚಿತ್ರಗಳನ್ನು ನೋಡುತ್ತೇನೆ. ಪ್ರತಿ ಸಲ ಮೊದಲು ಕಣ್ಣಿಗೆ ಬೀಳುವುದು ಶೂ.

ನನ್ನ ಮಾತು ಇಷ್ಟು. ಹಿಂದೆ ಕುಳಿತಿರುವ ತಂಗಿಯರು ಆಗಿನಿಂದ ಏನೋ ಕೇಳಬೇಕೆಂದು ಕೈ ಎತ್ತುತ್ತಿದ್ದಾರೆ, ಮೊದಲು ಅವರೇ ಕೇಳಲಿ.