ಜಗಲಿಯ ಜಾಲ

ನಮ್ಮ ಹಳೆಯ ರೌಟರಿಗೆ ಸುರಕ್ಷತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ತಯಾರಕರು ನಿಲ್ಲಿಸಿದ್ದರಿಂದ ಹೊಸದನ್ನು ತರಬೇಕಾಯಿತು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡದ್ದು, ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಕೊಂಡವರು ಬದಲಿಸದೆ ಉಳಿಸಿದ್ದರಿಂದ. ನಮ್ಮ ಬಾಗಿಲಲ್ಲೂ ಒಂದು ಕ್ಯಾಮೆರಾ ಇದೆ. ಆದುದರಿಂದ ಗುಪ್ತಪದಗಳನ್ನು ಬದಲಿಸಿದ್ದಲ್ಲದೆ, ಹಳೆಯ ಮನೆಗಳ ರೀತಿಯಲ್ಲಿ ಜಾಲವನ್ನೂ ಎರಡಾಗಿಸಿದೆ: ಬ್ಯಾಂಕಿನ ವ್ಯವಹಾರದ ಕಂಪ್ಯೂಟರು, ನಮ್ಮ ಫೋನುಗಳು, ಪ್ರಿಂಟರು ನಡುಮನೆಯಲ್ಲಿ; ಕ್ಯಾಮೆರಾ, ಟೀವಿ, ಬಂದವರ ಫೋನು ಜಗಲಿಯಲ್ಲಿ. ಜಗಲಿಯಿಂದ ಬೀದಿಗೆ ದಾರಿಯುಂಟು, ಒಳಕ್ಕಿಲ್ಲ.

“ನಂಟರನ್ನು ಜಗಲಿಯಲ್ಲೇ ಕೂರಿಸುವುದೆ?” ಎಂದು ನನ್ನಾಕೆ ನೊಂದುಕೊಂಡಳು. ಪ್ರಶ್ನೆ ನ್ಯಾಯವಾದದ್ದೇ. ನಾನು ಶಂಕಿಸಿದ್ದು ನಂಟರನ್ನಲ್ಲ, ಅವರ ಅರಿವಿಲ್ಲದೆ ಅವರ ಫೋನನ್ನು ಹೊಕ್ಕಿರಬಹುದಾದುದನ್ನು. ಕೊನೆಗೆ ಜಗಲಿಯ ಜಾಲಕ್ಕೆ ಅವಳೇ ‘ಸುಸ್ವಾಗತ’ ಎಂದು ಹೆಸರಿಟ್ಟು, ಅದರ ಗುಪ್ತಪದವನ್ನು ದುಂಡಗೆ ಬರೆದು ಹಜಾರದ ಗೋಡೆಗೆ ಅಂಟಿಸಿದ್ದಾಳೆ.